ವಿಭೂತಿ ಡಬ್ಬಿಯಲ್ಲಿ ಹಂಚಿದ ಮಾತ್ರೆ

ನನ್ನನ್ನು ನೋಡಲು ಬರುವವರಲ್ಲಿ ಒಂದು ವಿನಂತಿ. ‘ಮನಸ್ಸು ಖುಷಿಯಾಗಿಟ್ಕೊಳ್ಳಿ, ಎಲ್ಲಾ ಸರಿಹೋಗುತ್ತೆ’ ಎಂದು ಮಾತ್ರ ಹೇಳಬೇಡಿ. ಆ ಮಾತನ್ನು ಹದಿನಾಲ್ಕು ವರ್ಷ ಬೆಳಿಗ್ಗೆ ಬೆಳಿಗ್ಗೆ ಕಂಡಕಂಡವರಿಗೆಲ್ಲ ಹೇಳಿದವನು ನಾನು. ಅದರಲ್ಲಿ ಎಷ್ಟು ಹುರುಳಿದೆ ಅಂತ ನನಗೆ ಚೆನ್ನಾಗಿ ಗೊತ್ತು.

ನನ್ನ ಹೆಸರು ಗುರುಮಲ್ಲಪ್ಪ, ನಂಜನಗೂಡಿನವನು. ಊರ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೆ. ಈಗ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ಮಂಗಳವಾರ, ಶುಕ್ರವಾರ ಬಸ್ಸು ಹತ್ತಿ ತಿ. ನರಸೀಪುರಕ್ಕೆ ಹೋಗುತ್ತೇನೆ, ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುತ್ತೇನೆ, ಮತ್ತೆ ಬಸ್ಸು ಹತ್ತಿ ವಾಪಸ್ ಬರುತ್ತೇನೆ. ಇದೇ ಹಾದಿಗೆ ಹೊಸದಾಗಿ ಬಂದು ಬಿದ್ದವರು ಯಾರಾದರೂ ಇದನ್ನು ಓದಿದರೆ ಅವರಿಗೊಬ್ಬ ಜೊತೆಗಾರ ಸಿಕ್ಕಂತಾಗಲಿ ಎಂದು ಬರೆಯುತ್ತಿದ್ದೇನೆ. ಜೊತೆಗಾರ ಒಳ್ಳೆಯವನೇ ಆಗಿರಬೇಕೆಂದು ಎಲ್ಲೂ ಇಲ್ಲವಲ್ಲ.

ನಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕುವ ಕೆಲಸ. ಒಳಗೆ ಕಾವು ಎಂದರೆ ಕಾವು. ಶಿಫ್ಟ್ ಶುರುವಾಗುವ ಮುಂಚೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಹತ್ತು ನಿಮಿಷ ವ್ಯಾಯಾಮ ಮಾಡಬೇಕು. ಆಮೇಲೆ ನಾನು ಕೂಗುತ್ತಿದ್ದೆ, ಅವರು ತಿರುಗಿ ಕೂಗುತ್ತಿದ್ದರು. ‘ನಾನು ಆರೋಗ್ಯವಾಗಿದ್ದೇನೆ! ನಾನು ಖುಷಿಯಾಗಿದ್ದೇನೆ! ನನ್ನ ಕೆಲಸ ನನ್ನ ಉತ್ಸಾಹ!’ ಮೂರು ಸಲ ಚಪ್ಪಾಳೆ. ಇದನ್ನು ಮ್ಯಾನೇಜರ್ ಯಾವುದೋ ತರಬೇತಿಯಿಂದ ತಂದಿದ್ದರು. ಆದರೆ ಅದಕ್ಕೆ ಜೀವ ಕೊಟ್ಟವನು ನಾನೇ. ಬೇರೆ ಲೈನಿನವರು ಗೊಣಗುತ್ತಾ ಕೂಗಿದರೆ ನನ್ನ ಲೈನಿನವರ ಕೂಗು ಗೇಟಿನ ಆಚೆಗೂ ಕೇಳಬೇಕಿತ್ತು.

ಗೋಡೆಯ ಮೇಲೆ ಒಂದು ಹಾಜರಿ ಬೋರ್ಡು. ಬಂದವರಿಗೆ ಹಸಿರು ಚುಕ್ಕೆ, ಕಾಯಿಲೆ ಎಂದು ರಜಾ ಹಾಕಿದವರಿಗೆ ಕಪ್ಪು ಚುಕ್ಕೆ. ನನ್ನ ಲೈನಿನಲ್ಲಿ ಕಪ್ಪು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ನಮ್ಮಪ್ಪನ ಹಳೆಯ ವಿಭೂತಿ ಡಬ್ಬಿ ಒಂದಿತ್ತು, ಹಿತ್ತಾಳೆಯದು. ಅದರ ತುಂಬ ನೋವಿನ ಮಾತ್ರೆ ಇಟ್ಟುಕೊಂಡಿರುತ್ತಿದ್ದೆ. ಸೊಂಟ ನೋವೇ, ತಲೆನೋವೇ, ಮಂಡಿ ಹಿಡಿದಿದೆಯೇ, ಬಾ ಇಲ್ಲಿ. ಒಂದು ನುಂಗು, ಹತ್ತು ನಿಮಿಷದಲ್ಲಿ ಕುದುರೆ ಆಗ್ತೀಯ. ಹುಡುಗರು ಬಲಗೈ ಬಟ್ಟಲು ಮಾಡಿ, ಕೆಳಗೆ ಎಡಗೈ ಹಿಡಿದು, ತೀರ್ಥ ತೆಗೆದುಕೊಳ್ಳುವ ಹಾಗೆ ತೆಗೆದುಕೊಳ್ಳುತ್ತಿದ್ದರು. ‘ಪ್ರಸಾದ ಕೊಡಿ ಸಾ’ ಎಂದೇ ಕೇಳುತ್ತಿದ್ದರು. ನಾನೂ ದಿನಾ ಅವರ ಎದುರಿಗೇ ಎರಡು ನುಂಗಿ ಡಬ್ಬಿ ಮುಚ್ಚುತ್ತಿದ್ದೆ. ನನಗೂ ಮಂಡಿ ನೋವಿತ್ತು. ಮಧ್ಯೆ ಮಧ್ಯೆ ಮೂತ್ರಕ್ಕೆ ಹೋಗಿ ಮಿಷನ್ ನಿಲ್ಲಿಸಬಾರದೆಂದು ನೀರು ಕಡಿಮೆ ಕುಡಿಯಿರಿ ಎಂದೂ ಹೇಳಿಕೊಟ್ಟವನು ನಾನೇ.

ಆ ಲೈನಿನಲ್ಲಿ ಸಿದ್ದರಾಜು ಅಂತ ಒಬ್ಬನಿದ್ದ. ಮೂಗೂರಿನವನು, ಮೂವತ್ತೆರಡು ಮೂವತ್ತಮೂರು ವಯಸ್ಸು, ಬಾಯಿ ಸತ್ತವನು. ಆರು ವರ್ಷ ನನ್ನ ಕೈಕೆಳಗೆ ದುಡಿದ. ಭಾರದ ಅಚ್ಚು ಎತ್ತಿ ಇಳಿಸುವ ಕೆಲಸ ಅವನದು, ಸೊಂಟ ಯಾವಾಗಲೂ ಹಿಡಿದಿರುತ್ತಿತ್ತು. ದಿನಾ ಪ್ರಸಾದಕ್ಕೆ ಬರುವವರಲ್ಲಿ ಅವನೇ ಮೊದಲು. ಕೊನೆ ಕೊನೆಗೆ ಅವನು ಎರಡು ದಿನ ಬಂದರೆ ಒಂದು ದಿನ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಮುಖವೆಲ್ಲ ಊದಿಕೊಂಡು ಬಂದು ನಿಂತ.

‘ಆಗ್ತಿಲ್ಲ ಸಾ, ಉಸಿರು ಕಟ್ಟಂಗಾಯ್ತದೆ’ ಎಂದ.

‘ಎಲ್ಲಾ ಮನಸ್ಸಲ್ಲಿರೋದು ಕಣೋ. ಎಲ್ಲರ ಮುಂದೆ ಬಂದು ನಿಂತ್ಕೊಂಡು ಕೂಗು, ನಾನು ಆರೋಗ್ಯವಾಗಿದ್ದೀನಿ ಅಂತ.’

ಅವನು ಕೂಗಿದ. ದನಿ ಸಾಲದು ಎಂದು ಮೂರು ಸಲ ಕೂಗಿಸಿದೆ. ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಆ ವಾರದಿಂದ ಅವನು ಬರಲಿಲ್ಲ. ಬೋರ್ಡಿನಿಂದ ಅವನ ಹೆಸರನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಾಳಾಗಿ ಹೋಗಲಿ, ಸೋಮಾರಿ ಅಂದುಕೊಂಡೆ.

ಅದಾಗಿ ಒಂದೂವರೆ ವರ್ಷಕ್ಕೆ ನನ್ನ ಸರದಿ ಬಂತು. ಮೊದಲು ಶೂ ಕಾಲಿಗೆ ಹತ್ತಲಿಲ್ಲ. ಕಾಲು ಊದಿದೆ ಎಂದು ಒಪ್ಪಿಕೊಳ್ಳುವ ಬದಲು ದೊಡ್ಡ ಅಳತೆಯ ಶೂ ಕೊಂಡುತಂದೆ. ಆಮೇಲೆ ಊಟಕ್ಕೆ ಕೂತರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೈಯೆಲ್ಲ ತುರಿಕೆ. ಒಂದು ಬೆಳಿಗ್ಗೆ ‘ನಾನು ಖುಷಿಯಾಗಿದ್ದೇನೆ’ ಎಂದು ಕೂಗಲು ಬಾಯಿ ತೆರೆದವನು ಸಾಲಿನ ಮುಂದೆಯೇ ವಾಂತಿ ಮಾಡಿಕೊಂಡೆ. ಯಾರೂ ನಗಲಿಲ್ಲ. ಒಬ್ಬ ಹುಡುಗ ಓಡಿಬಂದು ‘ಪ್ರಸಾದ ತಗೊಳಿ ಸಾ’ ಎಂದು ನನ್ನ ಡಬ್ಬಿಯನ್ನೇ ನನ್ನ ಮುಂದೆ ಹಿಡಿದ. ನಾನು ಎರಡು ನುಂಗಿದೆ.

ಮೈಸೂರಿನ ಡಾಕ್ಟರು ನನಗಿಂತ ಚಿಕ್ಕವರು. ರಿಪೋರ್ಟು ನೋಡಿ, ನನ್ನನ್ನು ನೋಡಿ, ಮತ್ತೆ ರಿಪೋರ್ಟು ನೋಡಿದರು.

‘ನೋವಿನ ಮಾತ್ರೆ ಏನಾದ್ರೂ ತಗೊಳ್ತಿದ್ರಾ?’

‘ದಿನಾ ತಗೊಳ್ತೀನಿ ಸಾರ್. ಹತ್ತು ವರ್ಷದಿಂದ ಒಂದು ದಿನಾನೂ ರಜಾ ಹಾಕಿಲ್ಲ’ ಎಂದೆ. ನೋಡಿ, ಅಲ್ಲೂ ನನಗೆ ಹೆಮ್ಮೆ.

ಅವರು ಪೆನ್ನು ಕೆಳಗಿಟ್ಟರು. ಬಿ.ಪಿ. ಇತ್ತು, ನೀರು ಕುಡಿಯಲಿಲ್ಲ, ಅದರ ಮೇಲೆ ದಿನಾ ಈ ಮಾತ್ರೆ. ಕಿಡ್ನಿ ಹೋಗಲು ಇನ್ನೇನು ಬೇಕು ಎಂದರು. ಇನ್ನು ಅವು ವಾಪಸ್ ಬರುವುದಿಲ್ಲ ಎಂದೂ ಹೇಳಿದರು. ಆ ಕ್ಷಣ ನನಗೆ ಹೆಂಡತಿ ನೆನಪಾಗಲಿಲ್ಲ, ಸಾವು ನೆನಪಾಗಲಿಲ್ಲ. ಊದಿದ ಮುಖದ ಸಿದ್ದರಾಜು ನೆನಪಾದ. ಛೆ, ಹಾಗೇನೂ ಇರಲಾರದು ಎಂದು ತಲೆ ಕೊಡವಿಕೊಂಡೆ.

ನನ್ನ ಹೆಂಡತಿ ಸರ್ವಮಂಗಳ ಆಸ್ಪತ್ರೆಯಲ್ಲಿ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲೂ ಆಡಲಿಲ್ಲ. ಮನೆಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತಳು. ಇಪ್ಪತ್ತು ವರ್ಷ ಅವಳಿಗೆ ತಲೆನೋವು ಬಂದಾಗಲೆಲ್ಲ ನಾನು ‘ಎಲ್ಲಾ ಮನಸ್ಸಲ್ಲಿದೆ, ಎದ್ದು ಓಡಾಡು’ ಎಂದು ಹೇಳಿದವನು.

‘ಎಲ್ಲಾ ಮನಸ್ಸಲ್ಲಿದೆ ಅಂತಿದ್ರಲ್ಲ, ಈಗ ಆ ಮನಸ್ಸಿಂದ್ಲೇ ಒಂದ್ ಸಲ ಉಚ್ಚೆ ಉಯ್ದು ತೋರ್ಸಿ ನೋಡೋಣ’ ಎಂದಳು.

ಹೇಳಿದವಳೇ ಗೋಡೆಗೆ ಒರಗಿ ಅಳತೊಡಗಿದಳು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಸಮಾಧಾನ ಮಾಡಲು ಬಾಯಿ ತೆರೆದರೆ ಕಾರ್ಖಾನೆಯ ಘೋಷಣೆಗಳೇ ಬರುತ್ತಿದ್ದವು.

ಆಮೇಲೆ ನೋಡುವವರ ಮೆರವಣಿಗೆ ಶುರುವಾಯಿತು. ನಂಜನಗೂಡಿನಲ್ಲಿ ಕಾಯಿಲೆಯವರ ಮನೆಗೆ ಬರಿಗೈಲಿ ಯಾರು ಬರುತ್ತಾರೆ? ಒಬ್ಬರು ಎಳನೀರು ತಂದರು, ಇನ್ನೊಬ್ಬರು ತಮ್ಮ ತೋಟದ್ದೇ ರಸಬಾಳೆ ಒಂದು ಚಿಪ್ಪು ತಂದರು. ಕಿಡ್ನಿ ಹೋದವನಿಗೆ ಬಾಳೆಹಣ್ಣೂ ವಿಷ, ಎಳನೀರೂ ವಿಷ. ಅದನ್ನು ಹೇಳಿದರೆ ‘ಅಯ್ಯೋ, ನಂಜುಂಡನ ಊರಿನ ಬಾಳೆಹಣ್ಣು, ಏನೂ ಆಗಲ್ಲ ತಿನ್ನಿ’ ಎಂಬ ಬಲವಂತ. ತಿನ್ನಿಸಿ ಆದಮೇಲೆ ಇದೇ ಕಾಯಿಲೆಯಲ್ಲಿ ಸತ್ತ ತಮ್ಮ ಭಾವಮೈದುನನ ಕಥೆ ಹೇಳಿ, ಕಾಫಿ ಕುಡಿದು, ‘ಧೈರ್ಯವಾಗಿರಿ’ ಎಂದು ಎದ್ದು ಹೋಗುತ್ತಿದ್ದರು. ಮ್ಯಾನೇಜರ್ ಒಂದು ಹೂಗುಚ್ಛ ಕಳಿಸಿದರು. ಅದರ ಮೇಲಿನ ಚೀಟಿಯಲ್ಲಿ ‘ನಿಮ್ಮ ಉತ್ಸಾಹವೇ ನಿಮ್ಮ ಔಷಧಿ’ ಎಂದಿತ್ತು. ಆ ತಿಂಗಳೇ ಹೊಸ ಸೂಪರ್‌ವೈಸರ್ ಬಂದ.

ದಿನಕ್ಕೆ ಮುಕ್ಕಾಲು ಲೀಟರ್ ನೀರು, ಮಾತ್ರೆ ನುಂಗುವ ನೀರೂ ಅದರಲ್ಲೇ ಸೇರಬೇಕು. ಬೇಸಿಗೆಯಲ್ಲಿ ಕಪಿಲಾ ಹೊಳೆಯ ಪಕ್ಕದ ಮನೆಯಲ್ಲಿ ಕೂತು ನೀರಿಗೆ ಬಾಯಿ ಬಿಡುವುದು ಎಂದರೆ ಏನೆಂದು ಬಾಯಾರಿದವನಿಗೇ ಗೊತ್ತು. ಸರ್ವಮಂಗಳ ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ತುಂಬಿಸಿ ಇಡುತ್ತಾಳೆ. ಅವಳು ಮಾತ್ರ ನನ್ನ ಎದುರಿಗೆ ನೀರು ಕುಡಿಯುವುದಿಲ್ಲ. ಒಂದು ಮಧ್ಯಾಹ್ನ ಹಿತ್ತಲಿಗೆ ಹೋದರೆ, ಅವಳು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನಿಂತು ಚೊಂಬು ಎತ್ತಿ ಗಟಗಟ ಕುಡಿಯುತ್ತಿದ್ದಳು. ನನ್ನನ್ನು ಕಂಡು ಕದ್ದವಳ ಹಾಗೆ ಚೊಂಬು ಮರೆಮಾಡಿದಳು. ಈ ಕಾಯಿಲೆಯಲ್ಲಿ ನನಗೆ ಸಿಕ್ಕ ದಯೆ ಅದು. ಅದಕ್ಕೆ ನಾನು ಯೋಗ್ಯನಲ್ಲ.

ಡಯಾಲಿಸಿಸ್ ಹತ್ತಿರದಲ್ಲೇ ಮಾಡಿಸಬಹುದಿತ್ತು. ಆದರೆ ನಮ್ಮೂರಲ್ಲಿ ನನ್ನನ್ನು ಗುರುತಿಸದವರಿಲ್ಲ. ಉತ್ಸಾಹದ ಗುರುಮಲ್ಲಪ್ಪ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿರುವುದನ್ನು ಯಾರೂ ನೋಡಬಾರದು. ಅದಕ್ಕೇ ತಿ. ನರಸೀಪುರ ಆರಿಸಿಕೊಂಡೆ. ಮೊದಲ ದಿನ ಸಿಸ್ಟರ್ ಶೋಭಾ ತೂಕ ನೋಡಿ ಮಲಗಿಸಿದರು. ಆಗ ಸೂಜಿ ಕಂಡೆ. ಇಂಜೆಕ್ಷನ್ ಸೂಜಿ ಅಲ್ಲ ಅದು, ಗೋಣಿಚೀಲ ಹೊಲಿಯುವಷ್ಟು ದಪ್ಪ. ಕಣ್ಣು ಮುಚ್ಚಿಕೊಂಡೆ. ರಕ್ತ ಮಿಷನ್ನಿಗೆ ಹೋಗತೊಡಗಿದ ಮೇಲೆ ಮೈ ಥಂಡಿ ಹೊಡೆಯಿತು.

‘ಮೊದ್ಲು ಅಂಗೇಯ ಸಾ. ವಸಿ ಒತ್ತು ತಡೀರಿ, ಚಳಿ ಓಯ್ತದೆ.’

ಕಣ್ಣು ಬಿಟ್ಟರೆ ಪಕ್ಕದ ಬೆಡ್ಡಿನಲ್ಲಿ ಸಿದ್ದರಾಜು. ಅರ್ಧ ಮನುಷ್ಯ ಆಗಿದ್ದ. ಬಣ್ಣ ಇದ್ದಿಲು, ತೋಳಿನ ಮೇಲೆ ನರ ಹಗ್ಗದಂತೆ ಉಬ್ಬಿತ್ತು. ‘ಸಾ’ ಎನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ. ನನಗೆ ಎದ್ದು ಓಡಿಹೋಗಬೇಕೆನಿಸಿತು. ಎರಡು ಟ್ಯೂಬು ಕಟ್ಟಿಕೊಂಡು ಎಲ್ಲಿಗೆ ಓಡಲಿ?

ಹೀಗೆ ಎಂಟು ತಿಂಗಳು, ವಾರಕ್ಕೆ ಎರಡು ದಿನ, ನಾಲ್ಕು ನಾಲ್ಕು ಗಂಟೆ ಪಕ್ಕಪಕ್ಕದಲ್ಲಿ ಮಲಗಿದೆವು. ಈ ಕಾಯಿಲೆಯ ಜೊತೆ ಬದುಕುವುದನ್ನು ನನಗೆ ಕಲಿಸಿದವನು ಅವನೇ. ಬಾಯಾರಿಕೆ ಆದರೆ ಒಂದು ಲವಂಗ ಕಚ್ಚಿಕೊಳ್ಳಿ ಎಂದ. ಮೀನಖಂಡ ಹಿಡಿದುಕೊಂಡರೆ ಪಾದವನ್ನು ಗೋಡೆಗೆ ಒತ್ತಿ ಎಂದ. ಮಿಷನ್ನಿನಿಂದ ಎದ್ದ ತಕ್ಷಣ ಬಸ್ಸಿಗೆ ಓಡಬೇಡಿ, ಹೊರಗೆ ಬೆಂಚಿನ ಮೇಲೆ ಕಾಲು ಗಂಟೆ ಕೂತಿರಿ ಎಂದ. ಒಂದು ದಿನ ನನ್ನ ಬಿ.ಪಿ. ಇಳಿದು ಕಣ್ಣು ಕತ್ತಲಿಟ್ಟಾಗ ಸಿಸ್ಟರನ್ನು ಕೂಗಿ ಕರೆದವನೂ ಅವನೇ. ಪ್ರತಿ ಸಲವೂ ನನಗೆ ಅನಿಸುತ್ತಿತ್ತು, ಇವತ್ತು ಹೇಳಿಬಿಡಬೇಕು. ನಿನ್ನ ಕಿಡ್ನಿ ತೆಗೆದದ್ದು ನನ್ನ ಡಬ್ಬಿ ಕಣೋ ಎಂದು ಹೇಳಬೇಕು. ಬಾಯಿ ತೆರೆದರೆ ‘ಬಿಸಿಲು ಜಾಸ್ತಿ ಅಲ್ವೇನೋ’ ಎಂದು ಹೊರಡುತ್ತಿತ್ತು. ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ನನ್ನೊಳಗೆ ಒಬ್ಬ ಹೇಡಿ ಕೂತು ಹೇಳುತ್ತಿದ್ದ.

ಅವನ ಸಂಸಾರದ ಕಥೆ ಸ್ವಲ್ಪ ಸ್ವಲ್ಪವಾಗಿ ಹೊರಬಂತು. ಹೆಂಡತಿ ಭಾಗ್ಯ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು.

‘ಯಾಕೋ? ಕಾಯಿಲೆ ಅಂತಾನಾ?’ ಎಂದು ಕೇಳಿದೆ.

‘ಕಾಯ್ಲೆ ಅಂತ ಅಲ್ಲ ಸಾ, ಕುಡೀತಾನೆ ಅಂತ. ಕಿಡ್ನಿ ಓಗದು ಕುಡುಕರ್ಗೆ ಮಾತ್ರವಂತೆ. ಊರೆಲ್ಲಾ ಅಂಗೇ ಅಂತದೆ. ಭಾಗ್ಯನ ಅಪ್ಪ ಕುಡ್ದು ಕುಡ್ದೇ ಅವ್ರವ್ವನ್ನ ವಡ್ದಾಕಿದ್ದು. ಅದ್ಕೇ ಅವ್ಳಿಗೆ ಕುಡುಕ್ರು ಅಂದ್ರೆ ಆಗಕಿಲ್ಲ. ಕಾರ್ಖಾನೆಗೆ ಓಯ್ತೀನಿ ಅಂತ ಓಗಿ ಕುಡೀತಿದ್ದೆ, ನನ್ಗೆ ಇಷ್ಟು ದಿನ ಮೋಸ ಮಾಡ್ದೆ ಅಂತವ್ಳೆ.’

‘ನೀನು ಕುಡೀತಿದ್ಯಾ?’

‘ಒಂದ್ ತೊಟ್ಟು ಮುಟ್ಟಿಲ್ಲ ಸಾ. ನಿಮ್ಗೇ ಗೊತ್ತಲ್ಲ.’

ಗೊತ್ತಿತ್ತು. ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ಆರು ವರ್ಷ ದಿನಾ ಬೆಳಿಗ್ಗೆ ಅವನ ಬಾಯಿಗೆ ಏನು ಬಿತ್ತು ಎಂದು ಹಾಕಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ನಾನು ಮಿಷನ್ನಿನ ಗಡಿಯಾರ ನೋಡುತ್ತಾ ಮಲಗಿದೆ. ಇನ್ನೂ ಎರಡು ಗಂಟೆ ಹತ್ತು ನಿಮಿಷ ಉಳಿದಿತ್ತು.

ಒಂದು ಶುಕ್ರವಾರ ಅವನು ನನ್ನ ಕಡೆ ಹೊರಳಿ ಹೇಳಿದ. ‘ಭಾನ್ವಾರ ನ್ಯಾಯ ಸೇರಿಸ್ಯವ್ರೆ ಸಾ, ಭಾಗ್ಯನ ಊರಲ್ಲಿ. ಎರಡೂ ಕಡೆ ದೊಡ್ಡೋರು ಬತ್ತಾರೆ. ಬುಟ್ಟುಬುಡ್ಸದೋ ಕೂಡ್ಸದೋ ಅಂತ ಅವತ್ತೇ ತೀರ್ಮಾನ.’

ಹೇಳಿ ಮುಗಿಸಿ ಅವನು ನನ್ನ ಮುಖವನ್ನೇ ನೋಡಿದ. ಬಹಳ ಹೊತ್ತು ನೋಡಿದ. ನಾನು ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ‘ನಾನೂ ಬರ್ತೀನಿ, ನಡಿ’ ಎಂದರೆ ಸಾಕಿತ್ತು. ಮೂರು ಪದ. ಆದರೆ ಅಲ್ಲಿ ಹತ್ತು ಜನರ ಮುಂದೆ ನಿಂತು ಈ ಹುಡುಗನ ಕಿಡ್ನಿ ತೆಗೆದವನು ನಾನು ಎಂದು ಹೇಳಬೇಕಲ್ಲ. ಅದು ನಂಜನಗೂಡಿಗೆ ಮುಟ್ಟುತ್ತದೆ, ತಾಂಡ್ಯಕ್ಕೆ ಮುಟ್ಟುತ್ತದೆ. ಆ ಲೈನಿನಲ್ಲಿ ಇನ್ನೂ ನಲವತ್ತು ಜನ ನನ್ನ ಪ್ರಸಾದ ತಿಂದವರಿದ್ದಾರೆ.

‘ಧೈರ್ಯವಾಗಿರು ಸಿದ್ದರಾಜು. ಮನಸ್ಸು ಖುಷಿಯಾಗಿಟ್ಕೊ. ಎಲ್ಲಾ ಒಳ್ಳೇದಾಗುತ್ತೆ’ ಎಂದೆ.

ಅವನು ‘ಊಂ ಸಾ’ ಎಂದು ಆ ಕಡೆಗೆ ಹೊರಳಿದ.

ಭಾನುವಾರ ನನಗೆ ಊಟ ಸೇರಲಿಲ್ಲ. ಸೋಮವಾರ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿ, ಬಾಟಲಿಗೆ ನೀರು ಅಳೆಯುತ್ತಿದ್ದವಳು ಅದನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ‘ನಾಳೆ ಹೇಳದೆ ಮನೆಗೆ ಬರಬೇಡಿ’ ಎಂದು ಒಳಗಿನಿಂದಲೇ ಹೇಳಿದಳು.

ಮಂಗಳವಾರ ಸಿಸ್ಟರ್ ಸೂಜಿ ಚುಚ್ಚಿ ಆ ಕಡೆ ಹೋಗುವುದನ್ನೇ ಕಾಯುತ್ತಿದ್ದೆ. ‘ಸಿದ್ದರಾಜು’ ಎಂದು ಕರೆದೆ. ಅವನು ತಿರುಗಲಿಲ್ಲ. ಸೂರು ನೋಡುತ್ತಿದ್ದವನಿಗೆ ಹಾಗೆಯೇ ಹೇಳಿದೆ. ಡಬ್ಬಿಯ ವಿಷಯ, ಡಾಕ್ಟರು ಪೆನ್ನು ಕೆಳಗಿಟ್ಟ ವಿಷಯ, ನೀರು ಕುಡಿಯಬೇಡಿ ಎಂದ ವಿಷಯ, ಊದಿದ ಮುಖದಲ್ಲಿ ಮೂರು ಸಲ ಕೂಗಿಸಿದ ವಿಷಯ.

‘ಗೊತ್ತು ಸಾ’ ಎಂದ ಅವನು.

‘ಏನು ಗೊತ್ತು?’

‘ಡಾಕ್ಟ್ರು ನನ್ನೂ ಅದ್ನೇ ಕೇಳುದ್ರು ಮೊದಲ್ನೇ ದಿನ. ನೋವಿನ ಮಾತ್ರೆ ತಿಂದಿದ್ಯಾ ಅಂತ. ನೀವು ಇಲ್ಲಿಗೆ ಬತ್ತೀರಿ ಅಂತ ಸಿಸ್ಟರ್ ಬುಕ್ಕಲ್ಲಿ ಎಸ್ರು ನೋಡ್ದೆ. ಅವ್ರಿಗೆ ಯೋಳಿ ನಿಮ್ಮ ಪಕ್ಕ ಬೆಡ್ ಆಕಿಸ್ಕಂಡೆ.’

‘ಮತ್ತೆ ಒಂದು ದಿನಾನೂ ಕೇಳಲಿಲ್ಲವಲ್ಲೋ?’

‘ನಾನ್ ಕೇಳಿ ನೀವು ಯೋಳದು ಬ್ಯಾರೆ. ನೀವಾಗೇ ಯೋಳದು ಬ್ಯಾರೆ. ಎಂಟು ತಿಂಗ್ಳು ಕಾದೆ ಸಾ. ಶುಕ್ರವಾರ ಯೋಳ್ತೀರಿ ಅಂದ್ಕಂಡಿದ್ದೆ.’

‘ಭಾನುವಾರ ಏನಾಯ್ತು?’

‘ಮಾತ್ರೆ ಅಂತ ನಾನೂ ಯೋಳ್ದೆ. ಯಾವ ಸೂಪರ್‌ವೈಸರ್ ದಿನಾ ಬೆಳಿಗ್ಗೆ ಇಬೂತಿ ಡಬ್ಬೀಲಿ ಮಾತ್ರೆ ಅಂಚ್ತಾನ್ಲಾ, ಕಥೆ ಕಟ್ಬ್ಯಾಡ ಅಂದ್ರು. ಎಲ್ಲಾ ನಕ್ಕುಬುಟ್ರು. ಬುಟ್ಟುಬುಡ್ಸವ್ರೆ ಸಾ. ಮಗೀನೂ ಅವ್ಳ ತಾವೇ.’

ನಾನು ಸೂಜಿ ಇಲ್ಲದ ಕೈ ಚಾಚಿದೆ. ‘ಫೋನ್ ಹಚ್ಚು ಅವಳಿಗೆ. ಈಗಲೇ ಹೇಳ್ತೀನಿ. ಬರೋ ಭಾನುವಾರ ನಾನೇ ಬರ್ತೀನಿ, ಎಲ್ಲರ ಮುಂದೆ ಹೇಳ್ತೀನಿ.’

ಅವನು ದಿಂಬಿನ ಕೆಳಗಿಂದ ಫೋನ್ ತೆಗೆದು, ಒತ್ತಿ, ನನ್ನ ಕೈಗೆ ಕೊಟ್ಟ. ಆ ಕಡೆಯಿಂದ ಹೆಂಗಸಿನ ದನಿ. ನಾನು ಹೆಸರು ಹೇಳಿದೆ, ಯಾರೆಂದು ಹೇಳಿದೆ. ನಿನ್ನ ಗಂಡ ಕುಡಿದವನಲ್ಲ ತಾಯಿ, ಮಾತ್ರೆ ಕೊಟ್ಟವನು ನಾನು, ನಾನೂ ಅದೇ ಕಾಯಿಲೆಯಲ್ಲಿ ಅವನ ಪಕ್ಕದಲ್ಲೇ ಮಲಗಿದ್ದೇನೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

‘ನಿಮ್ದೂ ಕಿಡ್ನಿ ಓಗ್ಯದಾ?’

‘ಹೌದಮ್ಮ.’

‘ಅಂಗಾದ್ರೆ ನೀವೇನಾ ಜೊತೇಲಿ ಕುಡೀತಿದ್ದೋರು?’ ಎಂದಳು. ‘ಭಾನ್ವಾರ ಯಾಕೆ ಬರ್ನಿಲ್ಲ? ನ್ಯಾಯ ಮುಗ್ದ ಮ್ಯಾಕೆ ಸಾಕ್ಷಿ ಯೋಳಕ್ಕೆ ನಾಚ್ಕೆ ಆಗಲ್ವಾ?’ ಫೋನ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್ ಬಂತು.

ದನಿ ಅವನಿಗೂ ಕೇಳಿಸಿತ್ತು. ಫೋನ್ ಇಸಿದುಕೊಂಡು ದಿಂಬಿನ ಕೆಳಗಿಟ್ಟ.

ತಾಂಡ್ಯದಲ್ಲಾಗಲಿ ಇನ್ನೆಲ್ಲೇ ಆಗಲಿ, ನಗುನಗುತ್ತಾ ನಿಮ್ಮ ಅಂಗೈಗೆ ದಿನಾ ಮಾತ್ರೆ ಹಾಕುವವನು ಇದ್ದರೆ ಅದನ್ನು ಅವನ ಮುಖದ ಮೇಲೆ ಎಸೆದು ಡಾಕ್ಟರ ಹತ್ತಿರ ಹೋಗಿ. ನೋವಾದರೆ ನೋವು ಎಂದು ಹೇಳಿ. ನನ್ನಂಥವರು ಕೂಗಿಸಿದ್ದನ್ನು ಕೂಗಬೇಡಿ. ಬರೆಯಲು ನನಗೆ ಇಷ್ಟೇ ಇರುವುದು.

ಶುಕ್ರವಾರ ಹೋದಾಗ ಪಕ್ಕದ ಬೆಡ್ಡಿನಲ್ಲಿ ಸೋಸಲೆಯ ಒಬ್ಬ ಮುದುಕಿ ಮಲಗಿದ್ದಳು. ಸಿದ್ದರಾಜು ಆ ತುದಿಯ ಬೆಡ್ಡಿನಲ್ಲಿದ್ದ. ತೂಕ ನೋಡಿಸಿಕೊಂಡು ಅವನ ಹತ್ತಿರ ಹೋದೆ. ‘ಯಾಕೋ, ಇಲ್ಲಿಗೆ ಬಂದ್ಬಿಟ್ಟೆ?’ ಎಂದು ಕೇಳಿದೆ.

‘ಇನ್ನೇನು ಕಾಯದು ಸಾ’ ಎಂದ. ‘ಯೋಳಾಯ್ತಲ್ಲ.’